ಅಳತೆ ಮುಗಿದ ಮೇಲಿನ ಒಂದು ಹಿಡಿ

ನಾನು ಮಂಡಕ್ಕಿ ತರೋದು ಮಾರ್ಕೆಟ್ ಹತ್ತಿರ ಗೋಣಿಚೀಲ ಇಟ್ಟುಕೊಂಡು ಕೂರುವ ಒಬ್ಬ ಅಜ್ಜಿಯ ಹತ್ರ. ದಾವಣಗೆರೆಯವರಿಗೆ ಮಂಡಕ್ಕಿ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನವರು ಬಂದರೆ ಬೆಣ್ಣೆ ದೋಸೆ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ, ನಾವು ಮಾತ್ರ ಸಂಜೆ ಆಗುತ್ತಿದ್ದ ಹಾಗೆ ಖಾರ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಅಂತ ಓಡುತ್ತೇವೆ. ಅಜ್ಜಿಯ ಮಂಡಕ್ಕಿ ಭಟ್ಟಿಯಿಂದ ಅವತ್ತೇ ಬಂದಿರುತ್ತೆ, ಚೀಲದೊಳಗೆ ಕೈ ಇಟ್ಟರೆ ಒಂದೊಂದು ಸಲ ಇನ್ನೂ ಬೆಚ್ಚಗಿರುತ್ತೆ. ಸೇರಿನಲ್ಲಿ ಅಳೆಯುತ್ತಾರೆ. ಸೇರು ತುಂಬಿ ಮೇಲೆ ಗೋಪುರ ಏಳುವವರೆಗೂ ತುಂಬಿ, ನನ್ನ ಕೈಚೀಲಕ್ಕೆ ಬಗ್ಗಿಸಿ, "ಒಂದಾತು" ಅಂತಾರೆ. ಆಮೇಲೆ ಎರಡು, ಮೂರು. ಲೆಕ್ಕ ಮುಗಿಯಿತು, ದುಡ್ಡೂ ಕೊಟ್ಟಾಯಿತು, ನಾನು ಚೀಲದ ಬಾಯಿ ಕಟ್ಟೋಕೆ ಹೋಗುತ್ತೇನೆ. ಆಗ "ತಡಿ" ಅಂತ ಬರಿಗೈಯಲ್ಲಿ ಇನ್ನೊಂದು ಹಿಡಿ ಎತ್ತಿ ಹಾಕುತ್ತಾರೆ. ಹಾಕುವಾಗ ನನ್ನ ಮುಖ ನೋಡಲ್ಲ. ಅಷ್ಟೊತ್ತಿಗೆ ಮುಂದಿನ ಗಿರಾಕಿಯ ಜೊತೆ ಮಾತು ಶುರುವಾಗಿರುತ್ತೆ.

ಅದೇ ಕೊಸರು. ನಮ್ಮ ಅಕ್ಕನ ಮಗಳಿಗೆ ಈ ಪದ ಗೊತ್ತಿರಲಿಲ್ಲ. ಅವಳ ತಪ್ಪಲ್ಲ ಬಿಡಿ, ಅವಳು ಸಾಮಾನು ತರೋ ಅಂಗಡಿಯಲ್ಲಿ ಬಾರ್‌ಕೋಡ್ ಕುಂಯ್ ಅನ್ನುತ್ತೆ, ಬಿಲ್ ಹೊರಗೆ ಬರುತ್ತೆ, ಅಲ್ಲಿಗೆ ಮುಗಿಯಿತು. ತರಕಾರಿಯವರ ಹತ್ರ ಇನ್ನೂ ಉಳಿದಿದೆ. ಬದನೆಕಾಯಿ ತೂಗಿ ಆದ ಮೇಲೆ ಒಂದು ಪುಟ್ಟ ಕಾಯಿ ಮೇಲೆ ಎಸೆಯೋದು, ಎರಡು ಎಳೆ ಕರಿಬೇವು ತುರುಕೋದು. ಎಲ್ಲರೂ ಧರ್ಮರಾಯರು ಅಂತ ನಾನು ಹೇಳುತ್ತಿಲ್ಲ. ಅಳೆಯುವಾಗ ಸೇರಿನೊಳಗೆ ನಾಲ್ಕು ಬೆರಳು ಇಟ್ಟುಕೊಂಡೇ ತುಂಬಿ, ಕೊನೆಗೆ ಧಾರಾಳವಾಗಿ ಕೊಸರು ಹಾಕುವ ಕಲಾವಿದರೂ ನಮ್ಮ ಊರಲ್ಲಿ ಇದ್ದಾರೆ. ನಮ್ಮದನ್ನೇ ನಮಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳೋದು ಅಂದರೆ ಇದೇ ಅಲ್ವಾ!

ಮದುವೆ ಮನೆಯ ಮುಯ್ಯಿ ಇದಕ್ಕಿಂತ ಬೇರೆ. ಅದನ್ನು ಯಾರೋ ಒಬ್ಬರು ಪುಸ್ತಕ ಹಿಡಿದು ಕೂತು ಹೆಸರು, ಊರು, ಮೊತ್ತ ಅಂತ ಬರೆದುಕೊಳ್ಳುತ್ತಾರೆ. ಅವರ ಮನೆಯಲ್ಲಿ ಮದುವೆ ಆದಾಗ ನಾವು ಪುಸ್ತಕ ತೆಗೆದು ನೋಡಿ, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಹಾಕಿ ತೀರಿಸುತ್ತೇವೆ. ಹೊಲದಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರ್ತೀನಿ ಅಂತ, ಅದೂ ಇದೇ ಲೆಕ್ಕ. ಕೆಟ್ಟದ್ದು ಅನ್ನೋಲ್ಲ, ಊರುಗಳು ನಡೆದಿದ್ದೇ ಅದರ ಮೇಲೆ. ಆದರೆ ನೂರರ ಬದಲು 101, ಐನೂರರ ಬದಲು 501 ಹಾಕುತ್ತೇವಲ್ಲ, ಆ ಕವರಿನ ಮೇಲೆ ಅಂಟಿಸಿದ ಒಂದು ರೂಪಾಯಿ ನನಗೆ ಯಾವಾಗಲೂ ಕೊಸರಿನ ಹಾಗೆ ಕಾಣುತ್ತೆ. ನೂರು ಲೆಕ್ಕಕ್ಕೆ, ಒಂದು ಪ್ರೀತಿಗೆ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ನಾಚಿಕೆಯ ವಿಷಯ, ಅದಕ್ಕೇ ಇಷ್ಟು ಸುತ್ತು ಹೊಡೆದೆ.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರು ಟೈಲರ್ ಇದ್ದಾರೆ. ಹೆಸರು ಬೇಡ, ನಾವೆಲ್ಲ ಕಾಕಾ ಅಂತೀವಿ. ನನ್ನ ಶಾಲೆಯ ಯೂನಿಫಾರ್ಮು ಹೊಲಿದದ್ದು ಅವರೇ. ಆಗೆಲ್ಲ ಬಟ್ಟೆ ನಾವೇ ತಗೊಂಡು ಹೋಗಿ ಕೊಡುತ್ತಿದ್ದೆವು. ಹೊಲಿದು ಮಿಕ್ಕ ತುಂಡಿನಲ್ಲಿ ಅವರು ಒಂದು ಪುಟ್ಟ ಕೈಚೀಲ ಹೊಲಿದು, ಯೂನಿಫಾರ್ಮಿನ ಒಳಗೆ ಮಡಚಿ ಇಟ್ಟು ಕೊಡುತ್ತಿದ್ದರು. ಕೇಳದೇನೇ. ನೀಲಿ ಚಡ್ಡಿ ಬಟ್ಟೆಯ ಚೀಲ, ಅದಕ್ಕೆ ಬಿಳಿ ಅಂಗಿ ಬಟ್ಟೆಯ ಹಿಡಿ. ನಮ್ಮ ಅಮ್ಮನ ಹತ್ರ ಅಂಥವು ಏಳೆಂಟು ಇದ್ದವು, ಒಂದರಲ್ಲಿ ಬೆಳ್ಳುಳ್ಳಿ, ಒಂದರಲ್ಲಿ ಚಿಲ್ಲರೆ, ಒಂದರಲ್ಲಿ ಅಪ್ಪನ ಮಾತ್ರೆ. ಮಂಡಕ್ಕಿ ಅಜ್ಜಿಯ ಒಂದು ಹಿಡಿ ಇದ್ದ ಹಾಗೆ, ಕಾಕಾನ ಕೊಸರು ಆ ಚೀಲ.

2020ರ ಲಾಕ್‌ಡೌನಿನಲ್ಲಿ ನಾವು ಒಂದಷ್ಟು ಗೆಳೆಯರು ಸೇರಿ ದುಡ್ಡು ಹಾಕಿ ಕಿಟ್ ಮಾಡಿದೆವು. ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಟೀಪುಡಿ, ಒಂದು ಸೋಪು. ಆಗ ಎಲ್ಲ ಕಡೆ ಅದೇ ನಡೆಯುತ್ತಿತ್ತು, ಒಳ್ಳೆಯ ಕೆಲಸವೇ. ನಮ್ಮ ಗುಂಪಿನಲ್ಲಿ ಫೋಟೋ ತೆಗೆಯುವ ಜವಾಬ್ದಾರಿ ನನ್ನದು, ದುಡ್ಡು ಕೊಟ್ಟವರಿಗೆ ತೋರಿಸಬೇಕಿತ್ತಲ್ಲ. ಸಾಲಿನಲ್ಲಿ ಕಾಕಾ ಇದ್ದರು. ಅಂಗಡಿ ಮುಚ್ಚಿ ತಿಂಗಳಾಗಿತ್ತು, ಮದುವೆಗಳೆಲ್ಲ ನಿಂತು ಹೋಗಿದ್ದವು, ಹೊಲಿಯೋಕೆ ಯಾರು ಕೊಡುತ್ತಾರೆ? ಅವರು ತಲೆ ಬಗ್ಗಿಸಿ ಚೀಲ ತಗೊಂಡು ಬೇಗ ಹೋಗಿಬಿಡೋಣ ಅಂತ ನೋಡುತ್ತಿದ್ದರು. ನಾನು ಏನು ಮಾಡಿದೆ ಗೊತ್ತಾ? "ಕಾಕಾ, ಇಲ್ಲಿ ನೋಡ್ರಿ, ಮಾಸ್ಕ್ ಸ್ವಲ್ಪ ಕೆಳಗೆ ಮಾಡ್ರಿ" ಅಂದೆ. ಅವರು ಮಾಡಿದರು. ನಕ್ಕರು ಕೂಡ. ಆ ಫೋಟೋ ಚೆನ್ನಾಗಿ ಬಂದಿದೆ ಅಂತ ಅವತ್ತು ರಾತ್ರಿ ಅದನ್ನೇ ಸ್ಟೇಟಸ್ಸಿಗೆ ಹಾಕಿದೆ.

ಬೆಳಗ್ಗೆ ಅವರ ಮಗಳ ಮೆಸೇಜ್ ಬಂದಿತ್ತು. "ಅಣ್ಣಾ, ಅಪ್ಪನ ಫೋಟೋ ತೆಗೀತೀರಾ ಸ್ಟೇಟಸ್ಸಿಂದ. ಬೀಗರು ನೋಡಿದಾರೆ." ಅಷ್ಟೇ. ಬೈಗುಳ ಇಲ್ಲ, ಬೇಜಾರಿನ ಎಮೋಜಿ ಕೂಡ ಇಲ್ಲ. ನಾನು ತಕ್ಷಣ ತೆಗೆದೆ. ಅಷ್ಟೊತ್ತಿಗೆ 62 ಜನ ನೋಡಿಯಾಗಿತ್ತು. ಆ 62 ನನಗೆ ಇವತ್ತಿಗೂ ನೆನಪಿದೆ, ನೋಡಿ, ಎಷ್ಟು ಕಿಟ್ ಹಂಚಿದೆವು ಅನ್ನೋದು ಮರೆತು ಹೋಗಿದೆ.

ಅಂಗಡಿ ತೆರೆದ ಮೇಲೆ ಒಂದು ಪ್ಯಾಂಟು ಹೊಲಿಸೋಕೆ ಹೋದೆ. ಕಾಕಾ ಏನೂ ಅನ್ನಲಿಲ್ಲ. ಅಳತೆ ತಗೊಂಡರು, ಹೇಳಿದ ದಿನ ಕೊಟ್ಟರು, ಹೇಳಿದಷ್ಟೇ ದುಡ್ಡು ತಗೊಂಡರು, ಮೇಲಿನ ಹತ್ತು ರೂಪಾಯಿ ಚಿಲ್ಲರೆಯನ್ನು ಎಣಿಸಿ ವಾಪಸ್ ಕೊಟ್ಟರು. ಮನೆಗೆ ಬಂದು ಪ್ಯಾಂಟು ಬಿಚ್ಚಿ ಕೊಡವಿದೆ. ಒಳಗೆ ಏನೂ ಇರಲಿಲ್ಲ. ಮಿಕ್ಕ ಬಟ್ಟೆಯನ್ನು ಹಾಗೇ ಮಡಚಿ ಪಕ್ಕದಲ್ಲಿ ಇಟ್ಟಿದ್ದರು. ನನ್ನ ಬಟ್ಟೆ ನನಗೆ, ಪೂರ್ತಿ. ಅಷ್ಟು ಕರಾರುವಾಕ್ಕಾದ ಲೆಕ್ಕ ಎಷ್ಟು ಚುಚ್ಚುತ್ತೆ ಅಂತ ಅವತ್ತು ಗೊತ್ತಾಯಿತು.

ಅಲ್ಲಿಂದ ನನಗೊಂದು ಚಟ ಹತ್ತಿದೆ. ಯಾರು ಹೇಗೆ ಕೊಡುತ್ತಾರೆ ಅಂತ ನೋಡೋದು. ಎಷ್ಟು ಕೊಟ್ಟರು ಅನ್ನೋದನ್ನ ಬಿಟ್ಟುಬಿಟ್ಟಿದ್ದೇನೆ, ಕೈ ಹೇಗಿತ್ತು ಅಂತ ನೋಡುತ್ತೇನೆ.

ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು ಗೊತ್ತಲ್ಲ, ಮಾರ್ಚ್ ಬಂತು ಅಂದರೆ ರಸ್ತೆ ಬದಿ ಅರವಟ್ಟಿಗೆ ಇಡುತ್ತಾರೆ. ಮಣ್ಣಿನ ಮಡಕೆ, ಸುತ್ತ ಒದ್ದೆ ಬಟ್ಟೆ, ಮೇಲೆ ಒಂದು ಸ್ಟೀಲ್ ಲೋಟ, ಆ ಲೋಟಕ್ಕೆ ಸರಪಳಿ. ಈ ಸರಪಳಿ ನೋಡಿದಾಗೆಲ್ಲ ನನಗೆ ನಗು ಬರುತ್ತೆ. ನೀರು ಕುಡಿ ಮಾರಾಯ, ಆದರೆ ನೀನು ಕಳ್ಳ ಅಂತ ನನಗೆ ಗೊತ್ತು ಅಂದ ಹಾಗೆ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ, ಆ ಯಜಮಾನರು ಸರಪಳಿ ಹಾಕಲ್ಲ. ಲೋಟ ಹೋಗಲ್ವಾ ಅಂತ ಕೇಳಿದೆ. "ಹೋಗ್ತದ್ರಿ. ಹೋದ ವರ್ಷ ನಾಕು ಹೋದ್ವು. ಲೋಟ ಬೇಕಾದೋರು ಒಯ್ದಿರ್ತಾರೆ ಬಿಡ್ರಿ" ಅಂದರು. ಬಿರುಬಿಸಿಲಲ್ಲಿ ನಿಂತು ಒಂದು ತೊಟ್ಟು ನೀರಿಗಾಗಿ ಬಗ್ಗಿ, ಸರಪಳಿ ಎಷ್ಟು ದೂರ ಬರುತ್ತೋ ಅಷ್ಟು ದೂರ ಬಾಯಿ ಒಯ್ದು ಕುಡಿಯೋದು ಒಂದು ಥರ. ಲೋಟ ತಗೊಂಡು ಮರದ ನೆರಳಿಗೆ ಹೋಗಿ, ನಿಂತು, ಮುಖಕ್ಕೂ ನಾಲ್ಕು ಹನಿ ಚಿಮುಕಿಸಿಕೊಂಡು ಕುಡಿಯೋದು ಇನ್ನೊಂದು ಥರ.

ನಮ್ಮ ಸೋದರಮಾವ ಹರಿಹರದ ಕಡೆ ಇದ್ದಾರೆ, ಭದ್ರಾ ಕಾಲುವೆಯ ಅಚ್ಚುಕಟ್ಟು. ಈ ಕಡೆಯವರಿಗೆಲ್ಲ ಗೊತ್ತಿರುವ ಸಂಕಟ ಅದು. ನೀರು ಭದ್ರಾ ಅಣೆಕಟ್ಟಿನಿಂದ ಬಲದಂಡೆ ಕಾಲುವೆಯಲ್ಲಿ ಅಷ್ಟು ದೂರದಿಂದ ಬರಬೇಕು, ಮೇಲಿನವರು ಎತ್ತಿಕೊಂಡು, ಮಧ್ಯದವರು ಎತ್ತಿಕೊಂಡು, ಕೊನೇ ಭಾಗಕ್ಕೆ ಬರುವ ಹೊತ್ತಿಗೆ ಕಾಲುವೆಯಲ್ಲಿ ಕಪ್ಪೆ ಮುಳುಗುವಷ್ಟೂ ನೀರಿರಲ್ಲ. ಪ್ರತಿ ಬೇಸಿಗೆ ಬೆಳೆಗೂ ಕೊನೇ ಭಾಗದ ರೈತರು ರಸ್ತೆಗೆ ಇಳಿಯೋದು ಇದಕ್ಕೇ. ಮಾವನ ಗದ್ದೆ ಅವರ ತೂಬಿನ ಸಾಲಿನಲ್ಲಿ ಮಧ್ಯದಲ್ಲಿದೆ. ಒಂದು ರಾತ್ರಿ ಅವರ ಜೊತೆ ಟಾರ್ಚ್ ಹಿಡಿದು ನೀರು ಕಟ್ಟೋಕೆ ಹೋಗಿದ್ದೆ. ಪಾಳಿ ಬೆಳಗ್ಗೆ ಆರರವರೆಗೆ. ನಾಲ್ಕೂವರೆಗೆ ಮಾವ ಗದ್ದೆಗೆ ಇಳಿದು, ಕಾಲಿನಲ್ಲಿ ನೀರಿನ ಆಳ ನೋಡಿ, ಮಡೆಗೆ ನಾಲ್ಕು ಸಲಿಕೆ ಕೆಸರು ಹಾಕಿ ಮೇಲೆ ಕಾಲಲ್ಲಿ ಒತ್ತಿ ಮುಚ್ಚಿಬಿಟ್ಟರು. ನೀರು ಒಂದು ಕ್ಷಣ ಅಲ್ಲೇ ಸುತ್ತು ಹೊಡೆದು, ಆಮೇಲೆ ಗುಳುಗುಳು ಅಂತ ಕೆಳಗೆ ಹೊರಟಿತು. ಇನ್ನೂ ಒಂದೂವರೆ ಗಂಟೆ ಇದೆಯಲ್ಲ ಮಾವ ಅಂದೆ. "ತುಂಬೇತಲ್ಲೋ. ಕೆಳಗಿನೋರೂ ಭತ್ತನೇ ಹಾಕ್ಯಾರೆ" ಅಂದರು. ಕೆಳಗಿನವರಿಗೆ ಹೇಳಿದಿರಾ ಅಂದೆ. "ಏನಂತ ಹೇಳ್ಲಿ?" ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದರು. ಕೆಳಗಿನ ಗದ್ದೆಯವರಿಗೆ ಬೆಳಗ್ಗೆ ಕಂಡದ್ದು ನೀರು ಮಾತ್ರ. ಮಾವ ಸ್ಟೇಟಸ್ ಇಡುವವರಲ್ಲ, ಅವರ ಫೋನಿನಲ್ಲಿ ಅದು ಬರೋದೂ ಇಲ್ಲ.

ದಾನ ಅಂದ ತಕ್ಷಣ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಕಣ್ಣ ಮುಂದೆ ಬರುತ್ತೆ. 12ನೇ ಶತಮಾನದ ಶರಣರು ಅದಕ್ಕೇ ದಾಸೋಹ ಅನ್ನೋ ಮಾತನ್ನ ಹಿಡಿದುಕೊಂಡರು ಅನಿಸುತ್ತೆ. ದಾಸೋಹಂ, ನಾನು ದಾಸ. ಬಡಿಸುವವನೇ ಬಗ್ಗಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಮಠಗಳ ಹಾಸ್ಟೆಲ್ಲಿನಲ್ಲಿ ಉಂಡು ಓದಿದವರು ಮನೆಗೊಬ್ಬರು ಸಿಗುತ್ತಾರೆ. ನಮ್ಮ ಅಪ್ಪನೂ ಹಾಗೇ ಓದಿದ್ದು. ಅಲ್ಲಿ ಉಂಡದ್ದನ್ನು ಅವರು ಒಂದು ದಿನವೂ ಯಾರೋ ಕೊಟ್ಟ ಊಟ ಅಂತ ಹೇಳಿದ್ದು ಕೇಳಿಲ್ಲ, ಪ್ರಸಾದ ಅನ್ನುತ್ತಿದ್ದರು. ಪದ ಬದಲಾದರೆ ಬಗ್ಗಿದ ಕತ್ತು ನೆಟ್ಟಗಾಗುತ್ತೆ.

ಮಧ್ಯದಲ್ಲಿ ಒಂದು ಉಪಯೋಗದ ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತು ಹೋಗುತ್ತೆ. ಹೆದ್ದಾರಿಯಲ್ಲಿ ಅಪಘಾತ ಆದಾಗ ಸುತ್ತ ನಿಂತು ನೋಡುವವರು ಕಟುಕರಲ್ಲ, ಪೊಲೀಸು ಕೋರ್ಟು ಅಂತ ಹೆದರಿದವರು. ಕರ್ನಾಟಕದಲ್ಲಿ ಇಂಥವರ ರಕ್ಷಣೆಗೆ ಅಂತಲೇ ಕಾನೂನು ಇದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕು ಅಂತ ಇಲ್ಲ, ಸೇರಿಸಿ ಸುಮ್ನೆ ಮನೆಗೆ ಹೋಗಬಹುದು. 108ಕ್ಕೆ ಫೋನ್ ಮಾಡೋಕೆ ಧೈರ್ಯ ಏನೂ ಬೇಕಾಗಿಲ್ಲ.

ಈಗ ಮತ್ತೆ ಕಾಕಾನ ಕಥೆ. ಹೋದ ವರ್ಷ ನಮ್ಮ ಅಮ್ಮನಿಗೆ ಆಪರೇಷನ್ ಆಯಿತು. ಬಿ ನೆಗೆಟಿವ್ ರಕ್ತ, ಎರಡು ಬಾಟಲಿ ರೆಡಿ ಇರಲಿ ಅಂದರು. ನಾನು ಬಿ ಪಾಸಿಟಿವ್, ಅಕ್ಕನೂ ಅದೇ. ವರ್ಷಕ್ಕೆ ಎರಡು ಸಲ ರಕ್ತ ಕೊಡುವವನು ನಾನು, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು, ಹಿಮೋಗ್ಲೋಬಿನ್ 12.5 ಇರಬೇಕು, ತೂಕ 45 ಕೆಜಿಗಿಂತ ಕಡಿಮೆ ಇರಬಾರದು ಅಂತ ಸಿಕ್ಕವರಿಗೆಲ್ಲ ಪಾಠ ಮಾಡುವವನು. ನನಗೇ ಬೇಕಾದಾಗ ಕೇಳೋಕೆ ಬಾಯಿ ಬರಲಿಲ್ಲ. ಕೊಟ್ಟು ಕೊಟ್ಟು ರೂಢಿಯಾದವನಿಗೆ ಕೇಳೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು, ಕೊಡುವ ಕಡೆ ಇದ್ದುಬಿಟ್ಟರೆ ಆರಾಮ, ಅಲ್ಲಿ ನಾನು ಯಜಮಾನ. ಕೊನೆಗೆ ಅಕ್ಕ ಬೈದು, ನಮ್ಮ ಏರಿಯಾದ ಗ್ರೂಪಿಗೆ ಅವಳೇ ಮೆಸೇಜ್ ಹಾಕಿದಳು.

ಇಂಥ ಮೆಸೇಜಿನ ಕಥೆಯೂ ಗೊತ್ತಲ್ಲ. ತಕ್ಷಣ ಬೇಕು, ತಕ್ಷಣ ಬೇಕು ಅಂತ ಮೂರು ವರ್ಷ ತಿರುಗುತ್ತವೆ, ರೋಗಿ ಗುಣವಾಗಿ ಮೊಮ್ಮಕ್ಕಳನ್ನ ಎತ್ತಿ ಆಡಿಸುತ್ತಿರುತ್ತಾರೆ. ಫಾರ್ವರ್ಡ್ ಮಾಡುವ ಮೊದಲು ಆ ನಂಬರಿಗೆ ಒಂದು ಫೋನ್ ಮಾಡಿ, ಇನ್ನೂ ಬೇಕಾ ಅಂತ ಕೇಳಿ. ಮೆಸೇಜ್ ಹಾಕಿದವರು ಊರು, ಆಸ್ಪತ್ರೆ, ತಾರೀಕು ಬರೆಯಿರಿ, ಸಿಕ್ಕ ಮೇಲೆ ಸಿಕ್ಕಿತು ಅಂತನೂ ಬರೆಯಿರಿ. ಇದು ರಕ್ತ ಕೊಟ್ಟಷ್ಟೇ ದೊಡ್ಡದು ಅಂತ ನಾನು ವಾದ ಮಾಡೋಕೂ ತಯಾರು.

ಅಕ್ಕನ ಮೆಸೇಜಿಗೆ ಒಂದು ಗಂಟೆಯೊಳಗೆ ಇಬ್ಬರು ಫೋನ್ ಮಾಡಿದರು. ಒಬ್ಬರು ಯಾರೋ ಕಾಲೇಜು ಹುಡುಗ. ಇನ್ನೊಬ್ಬರು ಹರಿಹರದಿಂದ, "ನಾನು ಟೈಲರ್ ಅಂಗಡಿಯವರ ಅಳಿಯರಿ" ಅಂದರು. ಆ ಗ್ರೂಪಿನಲ್ಲಿ ಕಾಕಾನ ಮಗಳೂ ಇದ್ದಾಳೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಬೀಗರು ನೋಡಿದಾರೆ ಅಂತ ಬರೆದಿದ್ದಳಲ್ಲ, ಆ ಬೀಗರ ಮಗ ಇವನು. ಅರ್ಧ ದಿನ ರಜೆ ಹಾಕಿ ಬೈಕಿನಲ್ಲಿ ಬಂದಿದ್ದ. ಫಾರಂ ತುಂಬಿದ, ಬೆರಳಿಗೆ ಚುಚ್ಚಿಸಿಕೊಂಡ, ಮಲಗಿ ಕೈಯಲ್ಲಿ ಸ್ಪಂಜಿನ ಚೆಂಡು ಹಿಸುಕುತ್ತಾ ಚಾವಣಿ ನೋಡುತ್ತಿದ್ದ. 350 ಎಂಎಲ್, ಹತ್ತು ನಿಮಿಷ ಹಿಡಿಯುತ್ತೆ ಅಷ್ಟೇ. ನಾನು ಪಕ್ಕದಲ್ಲಿ ನಿಂತು ಏನು ಮಾತಾಡಬೇಕು ಅಂತ ತಿಳಿಯದೆ ಗೋಡೆ ಮೇಲಿನ ಬೋರ್ಡನ್ನೇ ನಾಲ್ಕು ಸಲ ಓದಿದೆ.

ಹೊರಗೆ ಬಂದ ಮೇಲೆ, ಹಳೇ ಬುದ್ಧಿ ಎಲ್ಲಿ ಹೋಗುತ್ತೆ, ಜೇಬಿನಿಂದ 500 ರೂಪಾಯಿ ತೆಗೆದು "ಪೆಟ್ರೋಲಿಗೆ" ಅಂದೆ. ಅವನು ನೋಟು ನೋಡಿದ, ನನ್ನ ನೋಡಿದ. "ಟೀ ಕುಡಿಸ್ರಿ ಅಣ್ಣಾ, ಸಾಕು. ಬಿಸ್ಕತ್ತು ಒಳಗೇ ಕೊಟ್ರು" ಅಂದ. ನೋಟು ವಾಪಸ್ ಇಟ್ಟುಕೊಂಡೆ. ಆಸ್ಪತ್ರೆ ಎದುರಿನ ಗೂಡಂಗಡಿಯಲ್ಲಿ ಎರಡು ಟೀ ಕುಡಿದೆವು. ಬಿಲ್ ಇಪ್ಪತ್ತು ರೂಪಾಯಿ. ಅಷ್ಟೊತ್ತೂ ಅವನು ತಮ್ಮ ಓಣಿಯ ಚರಂಡಿ ವಿಷಯ ಹೇಳುತ್ತಿದ್ದ. ಫೋಟೋ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬೇಕಿತ್ತು ಅಂತ ಆಮೇಲೆ ಅನಿಸಿತು, ಆದರೆ ಕ್ಷಮೆ ಕೇಳಿದ್ದರೆ ಅದೂ ನನ್ನ ಭಾರ ಇಳಿಸಿಕೊಳ್ಳೋಕೇ ಆಗುತ್ತಿತ್ತೋ ಏನೋ. ಇನ್ನೂ ನನಗೆ ಸರಿಯಾಗಿ ಗೊತ್ತಾಗಿಲ್ಲ.

ಅಮ್ಮ ಹುಷಾರಾಗಿ ಮನೆಗೆ ಬಂದು ಒಂದು ತಿಂಗಳಾದ ಮೇಲೆ ಕಾಕಾನ ಅಂಗಡಿಗೆ ಹೋದೆ. ಸಿಹಿ ಡಬ್ಬ ತಗೊಂಡು ಹೋಗೋಣ ಅಂದುಕೊಂಡಿದ್ದೆ, ಅಮ್ಮ ಬೇಡ ಅಂದರು. "ಪ್ಯಾಂಟು ಉದ್ದ ಆಗೇತಿ ಅಂತಿದ್ದೆಲ್ಲ, ಅದನ್ನ ಒಯ್ದು ಕೊಡು" ಅಂದರು. ಅಮ್ಮನ ಬುದ್ಧಿ ಅಷ್ಟು ಬೇಗ ನಮಗೆ ಬರಲ್ಲ. ಕೊಟ್ಟೆ. ಕಾಕಾ ಕನ್ನಡಕ ಏರಿಸಿ, ಕೆಳಗಿನ ಮಡಿಕೆ ಬಿಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಅಮ್ಮ ಹೆಂಗದಾರೆ" ಅಂತ ಕೇಳಿದರು. ಚೆನ್ನಾಗಿದ್ದಾರೆ ಅಂದೆ. "ಇಳಿಸಂಜೆಗೆ ಬಾ" ಅಂದರು.

ಸಂಜೆ ಹೋದಾಗ 40 ರೂಪಾಯಿ ತಗೊಂಡರು, ಪ್ಯಾಂಟನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ನಾನು ಗಾಡಿ ಹತ್ತಿದ್ದೆ. "ಏ, ತಡಿ" ಅಂದರು. ಅಷ್ಟೇ, ಏನೂ ಕೊಡಲಿಲ್ಲ, ಬೆರಳಲ್ಲಿ ಪೇಪರ್ ಕಟ್ಟನ್ನು ತೋರಿಸಿದರು. "ಕತ್ತರಿಸಿದ್ದು ಒಳಗಿಟ್ಟೀನಿ. ಹರಿದ್ರೆ ತೇಪೆಗೆ ಬರ್ತೇತಿ." ಮನೆಗೆ ಬಂದು ಬಿಚ್ಚಿ ನೋಡಿದೆ. ಕತ್ತರಿಸಿದ ಎರಡು ಪಟ್ಟಿ, ಪ್ರತಿಯೊಂದೂ ನಾಲ್ಕು ಬೆರಳು ಅಗಲ. ಅಂಚು ಬಿಚ್ಚದ ಹಾಗೆ ಸುತ್ತಲೂ ಹೊಲಿಗೆ ಹಾಕಿದ್ದರು.